ಜಾಕೆಟ್ ಅಕ್ಕ ನೀರಿಗಿಳಿದಳು

ದ್ವೀಪದಲ್ಲಿ ದೋಣಿಗಳು ಬಂದು ನಿಲ್ಲುವ ಕಟ್ಟೆಯ ಮೇಲೆ ತಗಡಿನ ಚಾವಣಿಯ ಒಂದು ಕೋಣೆ. ಅದರ ತುಂಬ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳು, ಅವುಗಳ ನಡುವೆ ಒಬ್ಬ ಹೆಂಗಸು. ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಜಾಕೆಟ್ ಅಕ್ಕ ಎಂದೇ. ಪ್ರವಾಸಿಗರು ಕಯಾಕ್‌ನಲ್ಲಿ ಹುಟ್ಟು ಹಾಕಲು ಹೋಗಲಿ, ಮುಖಕ್ಕೆ ಕನ್ನಡಕ, ಬಾಯಿಗೆ ಕೊಳವೆ ಕಚ್ಚಿಕೊಂಡು ಹವಳದ ದಿಬ್ಬದ ಮೇಲೆ ತೇಲಲು ಹೋಗಲಿ, ಮೊದಲು ಅವಳ ಕೈ ದಾಟಿ ಹೋಗಬೇಕು. ಒಮ್ಮೆ ಕಣ್ಣಾಡಿಸಿದರೆ ಸಾಕು, ಆಳಿನ ಅಳತೆ ಸಿಕ್ಕಿಬಿಡುತ್ತಿತ್ತು. ಹೊಟ್ಟೆ ಒಳಗೆಳೆದುಕೊಂಡು ನಿಂತ ಗಂಡಸರಿಗೆ, "ಉಸಿರು ಬಿಡಿ ಸಾರ್, ಮೀನುಗಳು ಏನೂ ಅಂದ್ಕೊಳ್ಳಲ್ಲ" ಎಂದು ದೊಡ್ಡ ಸೈಜನ್ನೇ ಕೊಡುತ್ತಿದ್ದಳು.

ಹೆದರಿದವರಿಗೆ ಧೈರ್ಯ ಹೇಳುವುದರಲ್ಲಿ ಅವಳದು ಎತ್ತಿದ ಕೈ. ಗೋಡೆಗೆ ಅಂಟಿಸಿದ ಮೀನಿನ ಚಿತ್ರಪಟದ ಮುಂದೆ ನಿಂತು, "ಇದು ಗಿಳಿಮೀನು, ಹತ್ರ ಹೋದ್ರೂ ಓಡಲ್ಲ, ಇದು ಪಟ್ಟೆಮೀನು, ಸ್ವಲ್ಪ ನಾಚಿಕೆ" ಎಂದು ನೆಂಟರನ್ನು ಪರಿಚಯಿಸುವಂತೆ ಹೇಳುತ್ತಿದ್ದಳು. ಹೀಗೆ ಹತ್ತೊಂಬತ್ತು ವರ್ಷ. ಇಷ್ಟೂ ವರ್ಷಗಳಲ್ಲಿ ಅವಳು ಮೊಣಕಾಲಿಗಿಂತ ಮೇಲೆ ನೀರು ಮುಟ್ಟಿಸಿಕೊಂಡವಳಲ್ಲ.

ಅವಳು ಹುಟ್ಟಿ ಬೆಳೆದದ್ದು ಸಮುದ್ರದಿಂದ ಎರಡು ದಿನದ ದಾರಿಯ ಒಣ ಊರಿನಲ್ಲಿ. ಮದುವೆಯಾಗಿ ಬಂದ ನಾಲ್ಕನೇ ದಿನ ಇದೇ ಕಟ್ಟೆಯಿಂದ ಕಾಲು ಜಾರಿ ಬಿದ್ದಳು. ನಾದಿನಿ ಜಡೆ ಹಿಡಿದು ಎಳೆದು ಮೇಲೆ ಹಾಕಿದಳು. ಹೊಟ್ಟೆಯೊಳಗಿನ ಉಪ್ಪುನೀರನ್ನೆಲ್ಲ ಕಕ್ಕಿ ಸುಧಾರಿಸಿಕೊಂಡ ಮೇಲೆ ಅವಳು ಗಂಡನಿಗೆ ಹೇಳಿದ್ದು ಒಂದೇ ಮಾತು: "ರೀ, ನಿಮ್ಮ ಸಮುದ್ರ ನಿಮಗಿರ್ಲಿ." ದೋಣಿ ನಡೆಸುವ ಗಂಡನೂ ಮತ್ತೆ ಆ ಮಾತೆತ್ತಲಿಲ್ಲ. ಮಗಳು ಮಾತ್ರ ಅಪ್ಪನನ್ನು ಹೋತು, ನಡೆಯುವ ಮುಂಚೆಯೇ ಈಜಿ, ಈಗ ಪ್ರವಾಸಿಗರನ್ನು ಹವಳದ ಕಡೆ ಕರೆದೊಯ್ಯುವ ಕೆಲಸ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ಒಬ್ಬರು ನಿವೃತ್ತ ಟೀಚರ್ ಬಂದರು. ವಯಸ್ಸು ಎಪ್ಪತ್ತರ ಮೇಲೆ, ಕಡ್ಡಿಯಂಥ ಮೈ, ಗಂಟೆಯಂಥ ಗಂಟಲು. ಮೊಮ್ಮಕ್ಕಳು ಆಗಲೇ ನೀರಿನಲ್ಲಿದ್ದರು. ಜಾಕೆಟ್ ಅಕ್ಕ ಬಕಲ್ ಹಾಕುತ್ತ ಎಂದಿನಂತೆ ಗಿಳಿಮೀನಿನ ಗುಣಗಾನ ಶುರು ಮಾಡಿದಳು.

"ಅದು ಹವಳ ತಿನ್ನುತ್ತಂತಲ್ಲ, ಹೇಗಮ್ಮಾ ತಿನ್ನುತ್ತೆ?" ಎಂದು ಟೀಚರ್ ಕೇಳಿದರು.

ಚಿತ್ರಪಟದಲ್ಲಿ ಅದು ಇರಲಿಲ್ಲ. ಜಾಕೆಟ್ ಅಕ್ಕ ತಡವರಿಸಿದಳು. ನಲವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವರಿಗೆ ಅಷ್ಟು ಸಾಕಾಯಿತು.

"ನೀನು ನೋಡೇ ಇಲ್ಲ, ಅಲ್ವಾ?"

"ಇಲ್ಲ ಟೀಚರ್," ಅವಳ ದನಿ ತಂತಾನೇ ಶಾಲೆಯ ಹುಡುಗಿಯದಾಯಿತು. "ನನಗೆ ನೀರು ಅಂದ್ರೆ ಕೈಕಾಲು ಆಡಲ್ಲ."

"ನನಗೂ ಆಡ್ತಿಲ್ಲ. ಮೊಮ್ಮಕ್ಕಳ ಮುಂದೆ ಜಂಬ ಕೊಚ್ಕೊಂಡು ಬಂದ್ಬಿಟ್ಟಿದ್ದೀನಿ. ನೀನು ಬಂದ್ರೆ ನಾನು ಇಳೀತೀನಿ. ಇಲ್ಲಾಂದ್ರೆ ಇಬ್ಬರೂ ಇಲ್ಲೇ ಕೂತು ಟೀ ಕುಡಿಯೋಣ."

ಜಾಕೆಟ್ ಅಕ್ಕ ಒಪ್ಪಿಕೊಂಡಿದ್ದು ಧೈರ್ಯದಿಂದಲ್ಲ, ನಾಚಿಕೆಯಿಂದ. ಎಷ್ಟೋ ಸಾವಿರ ಜನರಿಗೆ ತೊಡಿಸಿದವಳು ತಾನು ಹಾಕಿಕೊಳ್ಳುವಾಗ ಬಕಲನ್ನು ತಿರುವುಮುರುವಾಗಿ ಸಿಕ್ಕಿಸಿದಳು. ಮೆಟ್ಟಿಲ ಬಳಿ ನೀರಿನಲ್ಲಿ ನಿಂತಿದ್ದ ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು.

"ಅಮ್ಮಾ, ನೀನಾ?"

"ಮಾತಾಡ್ಬೇಡ. ಕೈ ಬಿಟ್ರೆ ಜೋಕೆ!"

ಕನ್ನಡಕ, ಕೊಳವೆ ತೊಡಿಸಿದ ಮೇಲೆ ಮಗಳ ಒಂದು ಕೈಯಲ್ಲಿ ಅಮ್ಮ, ಇನ್ನೊಂದರಲ್ಲಿ ಟೀಚರ್. ಮೊದಲೆರಡು ನಿಮಿಷ ಇಬ್ಬರೂ ಸೇರಿ ಹುಡುಗಿಯ ಮಣಿಕಟ್ಟು ಕಿತ್ತು ಬರುವಂತೆ ಹಿಡಿದರು. ಆಮೇಲೆ ಜಾಕೆಟ್ಟು ತನ್ನ ಕೆಲಸ ತಾನು ಮಾಡಿತು. ಜಾಕೆಟ್ ಅಕ್ಕ ತೇಲಿದಳು. ತೇಲಿದ ಆಶ್ಚರ್ಯದಲ್ಲೇ ಮುಖವನ್ನು ನೀರಿಗಿಟ್ಟಳು.

ಕೆಳಗೆ ಬಣ್ಣ ಇರುತ್ತದೆಂದು ಅವಳಿಗೆ ಗೊತ್ತಿತ್ತು. ಸದ್ದು ಇರುತ್ತದೆಂದು ಯಾರೂ ಹೇಳಿರಲಿಲ್ಲ. ಸುತ್ತೆಲ್ಲ ಕಾದ ಬಾಣಲೆಯಲ್ಲಿ ಸಾಸಿವೆ ಸಿಡಿಯುವಂಥ ಚಟಪಟ. ಅದರ ನಡುವೆ ಕಟಕ್, ಕಟಕ್. ನೋಡಿದರೆ, ಮೊಳದುದ್ದದ ಗಿಳಿಮೀನೊಂದು ಕೊಕ್ಕಿನಂಥ ಬಾಯಲ್ಲಿ ಹವಳವನ್ನು ಕಡಿಯುತ್ತಿತ್ತು. ತಿಂದ ಹವಳ ಹಿಂದಿನಿಂದ ಬಿಳಿ ಮರಳಾಗಿ ಹೊಗೆಯಂತೆ ಸುರಿಯುತ್ತಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ. ಕೊಳವೆಯೊಳಗೆ ನಕ್ಕು, ನೀರು ಕುಡಿದು, ತಲೆ ಎತ್ತಿ ಕೆಮ್ಮಿದಳು. ಕೆಮ್ಮು ನಿಲ್ಲುವ ಮುಂಚೆಯೇ ಮತ್ತೆ ಮುಖ ಮುಳುಗಿಸಿದಳು.

"ಟೀಚರ್! ಕಲ್ಲುಸಕ್ಕರೆ ಕಡಿದ ಹಾಗೆ ತಿನ್ನುತ್ತೆ!"

"ಕೇಳಿಸ್ತು, ಕೇಳಿಸ್ತು, ನೀನು ಸುಮ್ನಿರು!"

ಮುಕ್ಕಾಲು ಗಂಟೆ ಇಬ್ಬರೂ ನೀರು ಬಿಟ್ಟು ಕಟ್ಟೆಗೆ ಬರಲಿಲ್ಲ. ಕಟ್ಟೆಯ ಮೇಲೆ ಜಾಕೆಟ್ಟಿಗಾಗಿ ಕಾದವರ ಸಾಲು ಬೆಳೆದು, ಕೊನೆಗೆ ಗಂಡನೇ ದೋಣಿ ಕಟ್ಟಿ ಬಂದು ಎಲ್ಲರಿಗೂ ತಪ್ಪು ಅಳತೆಯ ಜಾಕೆಟ್ ತೊಡಿಸಿ ಬೈಸಿಕೊಂಡ.

ಆ ತಿಂಗಳಿನಿಂದ ಮಗಳು ದಿನವೂ ಬೆಳಿಗ್ಗೆ ಆರಕ್ಕೆ ಅಮ್ಮನಿಗೆ ಈಜು ಕಲಿಸಿದಳು. ಶಿಷ್ಯೆ ಗುರುವನ್ನು ಬೈಯುವ ದನಿ ದಡಕ್ಕೂ ಕೇಳುತ್ತಿತ್ತು. ಎಂಟು ತಿಂಗಳಿಗೆ ಅವಳು ಜಾಕೆಟ್ ಇಲ್ಲದೆ ಹವಳದವರೆಗೆ ಹೋಗಿ ಬಂದಳು. ಈಗ ವಾರಕ್ಕೆ ಮೂರು ದಿನ, ಐವತ್ತು ದಾಟಿದ ಹೆದರುಪುಕ್ಕಲರಿಗೆಂದೇ ಒಂದು ಗುಂಪು ನಡೆಸುತ್ತಾಳೆ. ಹೆದರಿಕೆ ಎಲ್ಲಿ ಹಿಡಿಯುತ್ತದೆಂದು ಅವಳಿಗೆ ಗೊತ್ತು, ಮೆಟ್ಟಿಲ ಮೂರನೇ ಹೆಜ್ಜೆಯಲ್ಲಿ. ಅಲ್ಲಿ ಯಾರನ್ನೂ ಅವಸರಪಡಿಸುವುದಿಲ್ಲ.

ಮೊನ್ನೆ ಮಧ್ಯಾಹ್ನ ಎರಡಾದರೂ ಮನೆಗೆ ಬರದಿದ್ದಾಗ ಗಂಡ ಕಟ್ಟೆಯ ತುದಿಗೆ ಬಂದು ಕೂಗಿದ.

"ಲೇ, ಊಟ?"

"ಡಬ್ಬಿಯಲ್ಲಿದೆ, ಬಡಿಸ್ಕೊಳ್ರೀ!" ದೂರದಿಂದ ಒದ್ದೆ ತಲೆಯೊಂದು ಉತ್ತರಿಸಿತು. "ಇಲ್ಲೊಂದು ಆಕ್ಟೋಪಸ್ ಬಣ್ಣ ಬದಲಾಯಿಸ್ತಾ ಇದೆ. ಪೂರ್ತಿ ನೋಡ್ಕೊಂಡು ಬರ್ತೀನಿ."