ಮಂಗಳ ಹಾಡಿದ ರಾಕ್ ತಂಡ

ಗೆಳೆಯರೇ, ಇವತ್ತು ಅಜ್ಜಂಪುರದ ಕ್ಯಾಸೆಟ್ ಅಂಗಡಿಯವರ ಜೊತೆ ಜಗಳ ಆಡಿ ಬಂದೆ. ವಿಲಾಯಿತಿ ರಾಕ್ ತಂಡವೊಂದರ ಹನ್ನೆರಡು ಹಿಟ್ ಹಾಡುಗಳಿರುವ ಎಲ್‌ಪಿ ರೆಕಾರ್ಡ್ ಕೊಟ್ಟು, ಖಾಲಿ ಕ್ಯಾಸೆಟ್‌ಗೆ ತುಂಬಿಸಿಕೊಡಿ ಎಂದಿದ್ದೆ. ಆ ಮಹಾನುಭಾವರು ಮೊದಲಿಗೆ ಗಣಪತಿ ಸ್ತುತಿ, ಕೊನೆಗೆ ಮಂಗಳಾರತಿ ಹಾಡು ಸೇರಿಸಿಬಿಟ್ಟಿದ್ದಾರೆ!

"ಯಾರ್ರೀ ನಿಮಗೆ ಹೇಳಿದ್ದು?" ಎಂದೆ.

"ಗಣಪತಿ ಇಲ್ದೆ ನಮ್ಮಂಗಡೀಲಿ ಯಾವ ಕ್ಯಾಸೆಟ್ಟೂ ಶುರು ಆಗಲ್ಲ ಕಣಮ್ಮಾ. ಆಮೇಲೆ ನಿಮ್ಮೋರು ಎಷ್ಟಾದ್ರೂ ಕಿರುಚ್ಕೊಳ್ಲಿ" ಎಂದರು.

ಇತ್ತ ಮನೆಯಲ್ಲಿ, ಇಂಗ್ಲಿಷ್ ಗಲಾಟೆ ಕೇಳಿಸಿದ ದಿನವೇ ಟೇಪ್ ರೆಕಾರ್ಡರನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ ಎಂದು ಅಪ್ಪ ಮೊದಲೇ ಎಚ್ಚರಿಸಿದ್ದರು. ಅವರು ಹೊಲಕ್ಕೆ ಹೋಗಿದ್ದಾರೆಂದು ನಂಬಿ ಕ್ಯಾಸೆಟ್ ಹಾಕಿದೆ. ಗಣಪತಿ ಸ್ತುತಿ ಶುರುವಾಗುತ್ತಲೇ ಹಿತ್ತಲಿನಿಂದ ಬಂದವರು, ವಿಭೂತಿ ಹಚ್ಚಿಕೊಂಡು ಕೈಮುಗಿದು ಕೂತೇಬಿಟ್ಟರು. ಸ್ತುತಿಯ ಬೆನ್ನಿಗೇ ಗಿಟಾರು, ಡ್ರಮ್ಮು. ಬೀರುವಿಗೆ ಬೀಗ ಬಿತ್ತೆಂದೇ ಅಂದುಕೊಂಡೆ. ಅಪ್ಪ ಮಾತ್ರ ಏಳಲಿಲ್ಲ. ಪೂಜೆಗೆ ಕೂತವರು ಮಂಗಳಾರತಿ ಆಗುವ ಮುಂಚೆ ಏಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ನಡುವೆ ನಾನು ಕ್ಯಾಸೆಟ್ ತಿರುವಿ ಹಾಕುವಾಗಲೂ ಮುಗಿದ ಕೈ ಮುಗಿದೇ ಇತ್ತು.

ಕೊನೆಗೆ ಮಂಗಳಾರತಿಯೂ ಮುಗಿಯಿತು. ಅಪ್ಪ ಎದ್ದು, ಕ್ಯಾಸೆಟ್ಟನ್ನೂ ಕಣ್ಣಿಗೊತ್ತಿಕೊಂಡರು.

"ಮಧ್ಯದಲ್ಲಿ ಸ್ವಲ್ಪ ಅರಚ್ತಾರೆ, ನಿಜ. ಆದ್ರೂ ಮಂಗಳ ಹಾಡ್ದೆ ಮುಗಿಸ್ಲಿಲ್ಲ ನೋಡು. ಸಂಸ್ಕಾರವಂತ್ರು ಕಣೇ. ಸೋಮವಾರದ ಪೂಜೆಗೂ ಇದನ್ನೇ ಹಾಕು."

ನಾಳೆ ನನ್ನ ಮೊದಲ ಕೆಲಸ, ಆ ಅಂಗಡಿಯ ಮುಂದೆ ಒಂದು ತೆಂಗಿನಕಾಯಿ ಒಡೆದು ಬರುವುದು.