ಮಾವನ ಜೊತೆ ಆಡೋ ಆಟಕ್ಕೆ ಎಷ್ಟನೇ ಸ್ಥಾನ

ತಿಪಟೂರಿನ ಕಾಲೇಜಿನಲ್ಲಿ ಜೊತೆಗೆ ಓದಿದ ನಾವೊಂದಷ್ಟು ಹೆಂಗಸರು ಫೋನಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದೇವೆ. ಬೆಳಿಗ್ಗೆ ಹೂವಿನ ಚಿತ್ರ, ಮಧ್ಯಾಹ್ನ ಸೀರೆ, ಸಂಜೆ ಮಂಡಿನೋವಿಗೆ ಕಷಾಯ. ಒಂದು ದಿನ ಅದರಲ್ಲೊಬ್ಬಳಿಗೆ ಏನು ಹೊಳೆಯಿತೋ, "ಈಚಿನ ವರ್ಷಗಳಲ್ಲಿ ಫೋನಲ್ಲಿ ಆಡಿದ ಆಟಗಳಲ್ಲಿ ನಿಮಗಿಷ್ಟವಾದ ಐದನ್ನ ನಂಬರ್ ಪ್ರಕಾರ ಹಾಕ್ರೇ" ಅಂದಳು. ಎಲ್ಲರೂ ನಾಮುಂದು ತಾಮುಂದು ಅಂತ ಹಾಕಿದರು. ನಾನೂ ಹಾಕಿದೆ. ಮೊದಲನೇದು ಪದಬಂಧ. ಎರಡನೇದು ಚೌಕದೊಳಗೆ ಅಂಕಿ ತುಂಬೋ ಆಟ. ಗುಂಡು ಹಾರಿಸೋ ಆಟವನ್ನು ಐದನೇದಕ್ಕೆ ತಳ್ಳಿ, ಪಕ್ಕದಲ್ಲಿ "ಎಲ್ಲೋ ಒಂದೊಂದ್ಸಲ" ಅಂತ ಬರೆದೆ.

ಶುದ್ಧ ಸುಳ್ಳು. ಪದಬಂಧದಲ್ಲಿ ನಾನು ಎರಡನೇ ಹಂತ ದಾಟಿಲ್ಲ. ಅಂಕಿ ಕಂಡರೆ ನನಗೆ ಪಿಯುಸಿಯಿಂದಲೂ ಆಗಲ್ಲ.

ಒಬ್ಬಳು ಬಿಡಲಿಲ್ಲ. "ಗುಂಡಿನ ಆಟಕ್ಕೆ ಟೀಮ್ ಬೇಕಲ್ಲೇ, ನೀನು ಯಾರ ಜೊತೆ ಆಡ್ತೀಯ?" ಅಂತ ಕೇಳಿದಳು. "ಯಾರೋ ಕಣೇ, ಪರಿಚಯ ಇಲ್ಲದವರು" ಅಂತ ಬರೆದು ಫೋನನ್ನು ಅಕ್ಕಿ ಡಬ್ಬದ ಮೇಲೆ ಬೋರಲು ಹಾಕಿದೆ. ಆ ಪರಿಚಯ ಇಲ್ಲದವರು ಆಗ ನಮ್ಮ ಜಗಲಿ ಮೇಲೆ ಕೂತು, ಟೀ ಆಯ್ತೇನೋ ಅಂತ ಅಡುಗೆಮನೆ ಕಡೆಗೆ ಕಿವಿ ಕೊಟ್ಟಿದ್ದರು. ನನ್ನ ಗಂಡನ ಅಪ್ಪ. ನಮ್ಮ ಮಾವ.

ಈಗ ನಿಜವಾದ ಪಟ್ಟಿ ಹೇಳ್ತೀನಿ ಕೇಳಿ. ಐದನೇದು ತೋಟ ಮಾಡೋ ಆಟ. ಹೊರಗೆ ಅಷ್ಟುದ್ದ ತೆಂಗಿನ ತೋಟ ಇಟ್ಟುಕೊಂಡು ಒಳಗೆ ಕೂತು ಫೋನಲ್ಲಿ ಕುಂಬಳಕಾಯಿ ಬೆಳೆಯೋಳಿಗೆ ಏನನ್ನಬೇಕು ನೀವೇ ಹೇಳಿ. ನಾಲ್ಕನೇದು ಬಣ್ಣದ ಮಿಠಾಯಿ ಜೋಡಿಸೋದು. ಅದರ ದೆಸೆಯಿಂದ ನಮ್ಮನೇಲಿ ಎಷ್ಟು ಸಲ ಹಾಲು ಉಕ್ಕಿ ಒಲೆ ಪಾಲಾಯ್ತೋ ಲೆಕ್ಕವಿಲ್ಲ. ಮೂರನೇದು ಲೂಡೋ. ಓರಗಿತ್ತಿಯ ಜೊತೆ ಆಡಿ, ಕಾಯಿ ಹೊಡೆದದ್ದಕ್ಕೆ ಮಾತು ಬಿಟ್ಟು, ಹಬ್ಬ ಬಂದಾಗ ಹೋಳಿಗೆ ಹೂರಣದ ನೆಪದಲ್ಲಿ ಮಾತಾಡಿಸಬೇಕಾಯ್ತು. ಎರಡನೇದು ಬಸ್ ಓಡಿಸೋ ಆಟ. ಇಲ್ಲಿಂದಲೇ ಮಾವ ಬರ್ತಾರೆ.

ನಮ್ಮ ಮನೆಗಳಲ್ಲಿ ಸೊಸೆ ಮಾವನ ಎದುರು ಕೂರಲ್ಲ. ಮಾತೂ ಅಷ್ಟಕ್ಕಷ್ಟೆ. "ಊಟಕ್ಕೆ ಏಳ್ಬೇಕಂತೆ" ಅಂತ ಗೋಡೆಗೆ ಹೇಳಿದ ಹಾಗೆ ಹೇಳೋದು, ಅವರು "ಹೂಂ" ಅನ್ನೋದು. ಅತ್ತೆ ಇದ್ದಾಗ ನಮ್ಮಿಬ್ಬರ ಮಾತೆಲ್ಲ ಅವರ ಮೂಲಕವೇ ಓಡಾಡುತ್ತಿತ್ತು. ಅತ್ತೆ ಹೋದ ಮೇಲೆ ಆ ದಾರಿಯೂ ಮುಚ್ಚಿತು. ಮಾವ ಇಳಿಹೊತ್ತಿನಲ್ಲಿ ಜಗಲಿ ಮೇಲೆ ಸುಮ್ಮನೆ ಕೂತಿರೋರು. ಒಂದು ದಿನ ನಮ್ಮ ಯಜಮಾನರನ್ನು ಕರೆದು, "ಅದೇನ್ಲಾ ನಿನ್ನೆಂಡ್ತಿ ಯಾವಾಗ್ಲೂ ಫೋನು ಒತ್ತುತಿರ್ತಾಳೆ, ಕೇಳು" ಅಂದರಂತೆ. ಇವರು ನಕ್ಕು ನಾನಾಡುತ್ತಿದ್ದ ಬಸ್ಸಿನ ಆಟವನ್ನು ಅವರ ಫೋನಿಗೇ ಹಾಕಿಕೊಟ್ಟರು.

ಅಯ್ಯೋ, ಮಾವ ಬಸ್ ಓಡಿಸೋದನ್ನ ನೋಡಬೇಕಿತ್ತು! ಯಾರೂ ಇಲ್ಲದ ಸ್ಟಾಪಿನಲ್ಲೂ ನಿಲ್ಲಿಸಿ ಕಾಯೋರು. "ಯಾರಾದ್ರೂ ಓಡಿ ಬತ್ತಿರ್ತಾರೆ ಕಣಪ್ಪ, ಕಿಬ್ಬನಹಳ್ಳಿ ಕ್ರಾಸಲ್ಲಿ ನಾನೇ ಎಷ್ಟು ಸಲ ಓಡಿಲ್ಲ" ಅಂತ ಮಗನಿಗೆ ಸಮಜಾಯಿಷಿ. ಬಸ್ಸಾದ ಮೇಲೆ ಗುಂಡಿನ ಆಟ ಬಂತು. ಅದಕ್ಕೆ ಜೊತೆಗಾರರು ಬೇಕು. ಮಗನಿಗೆ ತೋಟ, ಕೊಬ್ಬರಿ ಮಂಡಿ ಅಂತ ಪುರಸೊತ್ತಿಲ್ಲ. ಉಳಿದವಳು ನಾನು.

ಅದೇ ಒಂದನೇದು. ಆಟದಲ್ಲಿ ಮೈಕ್ ಇರುತ್ತೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತೆ. ಗುಂಡು ತಗಲಿ ಒಬ್ಬರು ಬಿದ್ದರೆ, ಜೊತೆಯವರು ಪಕ್ಕಕ್ಕೆ ಬಂದು ಸ್ವಲ್ಪ ಹೊತ್ತು ಕೂತು ಎಬ್ಬಿಸಬಹುದು. ಯಾರೂ ಬರದಿದ್ದರೆ ಬಿದ್ದವರು ಹೋದ ಹಾಗೆ. ಮಾವ ಕೂರೋದು ಜಗಲಿಯಲ್ಲಿ. ನಾನು ಹತ್ತೋದು ಅಟ್ಟ.

ಅಟ್ಟ ಯಾಕೆ ಅಂದರೆ, ಅಲ್ಲಿ ತೆಂಗಿನಕಾಯಿ ಬಿಟ್ಟರೆ ಬೇರೆ ಯಾರೂ ಇರಲ್ಲ. ನಮ್ಮ ಕಡೆ ಕೊಬ್ಬರಿಗೆ ಬಿಡೋ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ತುಂಬಿ ಹತ್ತಿರ ಹತ್ತಿರ ವರ್ಷದವರೆಗೆ ಮುಟ್ಟದೆ ಬಿಡ್ತೀವಿ. ಒಳಗಿನ ನೀರು ತಾನಾಗಿ ಹೀರಿಕೊಂಡು, ಕೊಬ್ಬರಿ ಚಿಪ್ಪಿನಿಂದ ಕಳಚಿಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. "ಕಾಯಿ ಅಲ್ಲಾಡಿಸಿ ನೋಡ್ಕೊಂಡ್ಬತ್ತೀನಿ" ಅಂದರೆ ಯಾರೂ ಯಾಕೆ ಅಂತ ಕೇಳಲ್ಲ. ಇನ್ನೊಂದು ಅನುಕೂಲ, ಸುತ್ತ ಕಾಯಿ ರಾಶಿ ಇರೋದರಿಂದ ಎಷ್ಟು ಕಿರುಚಿದರೂ ಸದ್ದು ಕೆಳಗೆ ಇಳಿಯಲ್ಲ. ನಾನೂ ಕಿರುಚುತ್ತಿದ್ದೆ. ಎದುರಿಗೆ ತಲೆ ಎತ್ತದವಳು ಮೈಕಿನಲ್ಲಿ ಅವರನ್ನು ಲೇ ಅಂದೆ, ಲಾ ಅಂದೆ, ಮುದುಕಪ್ಪ ಅಂದೆ. ಅವರೂ "ಆಯ್ತು ಬುಡು, ಈಗ ಬಗ್ಗಿದೀನಲ್ಲ" ಅಂತ ನಗೋರು. ಆಮೇಲೆ ಕೆಳಗಿಳಿದು ಬಂದರೆ ಮತ್ತೆ ಅದೇ ಗೋಡೆ, ಅದೇ "ಹೂಂ". ಅತ್ತೆ ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ಕೇಳಿದ್ದು ಆ ಮೈಕಿನಲ್ಲಿ ಮಾತ್ರ.

ಗ್ರೂಪಿನಲ್ಲಿ ಪಟ್ಟಿ ಹಾಕಿದ ಕೆಲವೇ ದಿನಕ್ಕೆ, ಒಂದು ಸಂಜೆ, ಮಾವನ ಇಯರ್‌ಫೋನಿನ ವೈರು ಕಿತ್ತುಹೋಗಿತ್ತು. ನನಗೆ ಗೊತ್ತಿಲ್ಲ. ನಾದಿನಿಯ ಅತ್ತೆ ಮಾವ, ಅಂದರೆ ನಮ್ಮ ತುರುವೇಕೆರೆ ಬೀಗರು, ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯೋಕೆ ಬಂದು ಜಗಲಿಯಲ್ಲಿ ಕೂತಿದ್ದರು. ಅದೂ ಗೊತ್ತಿಲ್ಲ. ಆಟದಲ್ಲಿ ನನಗೆ ಗುಂಡು ಬಿದ್ದಿತ್ತು. ಆಟದೊಳಗಿನ ಮಾವನ ಆಳು ಬಯಲಲ್ಲಿ ಸುಮ್ಮನೆ ನಿಂತುಬಿಟ್ಟಿದೆ. ಬೇರೆ ದಿನವಾದರೆ ಅವರು, ನಾನು ಬಿದ್ದೆ ಅಂದರೆ ಮರೆ ಗಿರೆ ನೋಡದೆ ನೆಟ್ಟಗೆ ಓಡಿ ಬಂದು ತಾವೂ ಗುಂಡು ತಿನ್ನೋರು. ಈಗಲೂ ಬರೋಕೆ ಹೊರಟಿದ್ದಾರೆ ಅಂದುಕೊಂಡು ನಾನು ಅಟ್ಟ ಹಾರಿಹೋಗೋ ಹಾಗೆ ಕೂಗಿದೆ: "ಬರಬೇಡ ಕಣ್ಲಾ ಮುದುಕಪ್ಪ! ನಾನು ಸತ್ರೆ ಸಾಯ್ತೀನಿ, ನೀನು ಬಗ್ಗು! ಬಗ್ಗೋ ಅಂದ್ರೆ!"

ಅವರ ಆಳು ಬಗ್ಗಲಿಲ್ಲ. ಆಟದಿಂದಲೇ ಮಾಯವಾಯ್ತು. ನಾನು ಬಿದ್ದಲ್ಲೇ ಬಿದ್ದು ಸತ್ತೆ.

ಸಿಟ್ಟು ನೆತ್ತಿಗೇರಿತ್ತು. ಧಡಧಡ ಇಳಿದು ಬಂದರೆ ಬೀಗರು! ಕಾಫಿ ಕಾಸಿ, ಸೆರಗು ಹೊದ್ದು, ತಗ್ಗಿದ ದನಿಯಲ್ಲಿ "ತಗೊಳ್ಳಿ" ಅಂತ ತಟ್ಟೆ ಮುಂದೆ ಹಿಡಿದೆ. ಬೀಗಿತ್ತಿ ಲೋಟ ತೆಗೆದುಕೊಂಡವರು ನನ್ನ ಮುಖವನ್ನೇ ನೋಡಿ, "ನಿನ್ ದನಿ ಈಗ್ತಾನೆ ಎಲ್ಲೋ ಕೇಳ್ದಂಗಾಯ್ತಲ್ಲ" ಅಂದರು. ಮಾವನ ಫೋನು ಚಾಪೆಯ ಕೆಳಗೆ ಅರ್ಧ ಇಣುಕುತ್ತಿತ್ತು. ಇಯರ್‌ಫೋನು ತುಂಡಾಗಿ ಪಕ್ಕದಲ್ಲಿ ಬಿದ್ದಿತ್ತು. ಆಗ ನನಗೆ ಎಲ್ಲ ಅರ್ಥವಾಯ್ತು; ನಾನು ಕೂಗಿದ್ದು ಫೋನಿನಿಂದ ಇಡೀ ಜಗಲಿಗೇ ಕೇಳಿತ್ತು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು ಕಣ್ರೀ. ಊರಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸೋ ಮನುಷ್ಯನನ್ನು ಬೀಗರ ಎದುರು ಮುದುಕಪ್ಪ ಅಂದಿದ್ದೆ.

ಅವತ್ತಿನಿಂದ ಮಾವ ಫೋನು ಮುಟ್ಟಲಿಲ್ಲ. ಅದು ಕಿಟಕಿ ಗೂಡಿನಲ್ಲಿ ಎಲೆಅಡಿಕೆ ತಟ್ಟೆಯ ಹಿಂದೆ ಬಿದ್ದಿತ್ತು. ತಲೆ ತಗ್ಗಿಸಿ ಉಂಡು, ಕೈತೊಳೆದು ಎದ್ದುಹೋಗೋರು. ಇನ್ನೊಂದು ಸ್ವಲ್ಪ ಮುದ್ದೆ ಅಂದರೆ ಕೈ ಅಡ್ಡ. ಆ "ಹೂಂ" ಕೂಡ ನಿಂತುಹೋಯ್ತು. ಅತ್ತೆ ಹೋದ ಹೊಸದರಲ್ಲಿ ಹೇಗಿದ್ದರೋ ಹಾಗೇ ಆದರು. ನನ್ನ ಬಾಯಿಗೆ ಬೆಂಕಿ ಹಾಕ ಅಂತ ನನ್ನನ್ನೇ ಬೈದುಕೊಂಡೆ. ಯಜಮಾನರಿಗೆ ಹೇಳಿದರೆ, "ಅದ್ಕೇನೀಗ, ಬುಡು, ಅಪ್ಪ ಮರ್ತಿರ್ತಾರೆ" ಅಂತ ಚಪ್ಪಲಿ ಮೆಟ್ಟಿ ಮಂಡಿಗೆ ಹೋದರು. ಗಂಡಸರಿಗೆ ಎಲ್ಲದಕ್ಕೂ ಒಂದು ಬುಡು. ತಪ್ಪಾಯ್ತು ಅಂತ ಎದುರು ನಿಂತು ಹೇಳೋಣ ಅಂದರೆ, ಎದುರು ನಿಂತು ಅಭ್ಯಾಸವಾದರೂ ಎಲ್ಲಿದೆ ನನಗೆ?

ಕಾಯಿ ಸುಲಿಯೋರು ಬರೋ ದಿನ ಬಂತು. ಹಿಂದಿನ ದಿನವೇ ಅಟ್ಟದಲ್ಲಿ ಕೊಬ್ಬರಿ ಆದ ಕಾಯನ್ನು ಆರಿಸಿಡಬೇಕು. ನಾನು ಏಣಿ ಹತ್ತಿದಾಗ ಮಾವ ಆಗಲೇ ಅಲ್ಲಿದ್ದರು. ಒಂದೊಂದೇ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಗಡಗಡ ಅಂದದ್ದನ್ನು ನನ್ನ ಕಡೆ ಉರುಳಿಸೋರು, ಸದ್ದು ಬರದೇ ಇದ್ದದ್ದನ್ನು ಮೂಲೆಗೆ ಹಾಕೋರು. ನಾನು ಕುಕ್ಕೆಗೆ ತುಂಬುತ್ತಿದ್ದೆ. ಇಬ್ಬರೂ ಕಾಯಿ ಮಾತ್ರ ನೋಡುತ್ತಿದ್ದೆವು.

"ಮಾವ, ನಾನವತ್ತು..." ಅಂತ ಶುರು ಮಾಡಿದೆ.

"ನೀನಂದಿದ್ದಕ್ಕಲ್ಲ ಕಣಮ್ಮ" ಅಂದರು. ಕೈಯಲ್ಲಿದ್ದ ಕಾಯನ್ನು ಅಲ್ಲಾಡಿಸೋದು ಮರೆತು ಹಾಗೇ ಹಿಡಿದಿದ್ದರು. "ಬೀಗರು ಯಾರದು ಆ ಹೆಂಗಸು ಅಂದ್ರು. ಯಾರೋ ಗೊತ್ತಿಲ್ಲ, ಇದ್ರಲ್ಲಿ ಯಾರ್ಯಾರೋ ಬತ್ತಾರೆ ಅಂದ್ಬುಟ್ಟೆ. ನೀನು ಅಲ್ಲಿ ಬಿದ್ದಿದ್ದೆ. ನಾನು ಆಫ್ ಮಾಡ್ಬುಟ್ಟು ಕೂತ್ಕಂಡೆ. ಎಬ್ಬಿಸ್ಲಿಲ್ಲ." ಆ ಕಾಯನ್ನು ಕೆಳಗಿಟ್ಟು, "ಯಾವ ಮುಖ ಇಟ್ಕೊಂಡು ಮತ್ತೆ ಕರೀಲಿ ನಿನ್ನ?" ಅಂದರು.

ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣ, ನಾನೂ ಹಂಗೇ ಅಂದಿದೀನಿ ಮಾವ, ಗೆಳತಿಯರ ಹತ್ತಿರ ನಿಮ್ಮನ್ನ ಪರಿಚಯ ಇಲ್ಲದವರು ಅಂದೆ ಅಂತ ಹೇಳಿಬಿಡುತ್ತಿದ್ದರು. ಇಬ್ಬರದ್ದೂ ಸರಿಹೋಗುತ್ತಿತ್ತು. ನನಗೆ ಬಾಯಿ ಬರಲಿಲ್ಲ. "ಅಯ್ಯೋ ಬುಡಿ ಮಾವ, ಅದೊಂದು ಆಟ" ಅಂದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವಳ ಹಾಗೆ ಕುಕ್ಕೆ ಎತ್ತಿಕೊಂಡು ಇಳಿದೆ. ಇಡೀ ಸಂಗತಿಯಲ್ಲಿ ನನಗೆ ಅತಿ ನಾಚಿಕೆಯಾಗೋದು ಆ ಕುಕ್ಕೆ ಎತ್ತಿಕೊಂಡು ಇಳಿದದ್ದಕ್ಕೆ.

ಗೃಹಪ್ರವೇಶದ ದಿನ ತುರುವೇಕೆರೆಯಲ್ಲಿ ಮೊದಲ ಪಂಕ್ತಿಗೆ ಗಂಡಸರು ಕೂತರು. ನಾನು ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದೆ. ಬೀಗರು ಮಾವನ ಎದುರು ಪಂಕ್ತಿಯಲ್ಲಿ ಕೂತು, ಸುತ್ತಲಿನವರಿಗೆಲ್ಲ ಕೇಳೋ ಹಾಗೆ, "ಏನ್ರೀ ಬೀಗರೇ, ಆ ಫೋನಿನ ಯಮ್ಮ ಇವತ್ತು ಬಯ್ಯಲಿಲ್ವಾ?" ಅಂತ ಕಣ್ಣು ಮಿಟುಕಿಸಿದರು. ಆಗಲೇ ಊರೆಲ್ಲ ಹೇಳಿಕೊಂಡಿದ್ದರು ಅಂತ ಕಾಣುತ್ತೆ, ಇಡೀ ಪಂಕ್ತಿ ಗೊಳ್ಳೆಂದಿತು. ನಾನು ಬಕೆಟ್ಟು ಹಿಡಿದು ನಿಂತಲ್ಲೇ ನಿಂತೆ.

ಮಾವ ಬಾಯಲ್ಲಿದ್ದ ತುತ್ತನ್ನು ನುಂಗಿ, ತಲೆ ಎತ್ತಿದರು.

"ಅದು ನಮ್ಮ ಸೊಸೆ ಕಣ್ರೀ. ಇಲ್ಲೇ ಬಡಿಸ್ತಾವಳಲ್ಲ, ಇವಳೇ. ದಿನಾ ಆಡ್ತಿದ್ವಿ ಇಬ್ರೂ. ನನಗಿಂತ ಚೆನ್ನಾಗಿ ಹೊಡೀತಾಳೆ. ಬಯ್ತಾಳೆ, ಹೂಂ. ನಾನೆಲ್ಲಿ ಸಾಯ್ತೀನೋ ಅಂತ ಬಯ್ತಾಳೆ."

ಮಾವ ನನ್ನ ಕಡೆ ತಿರುಗಿ, "ಸಾರು ಹಾಕಮ್ಮ" ಅಂದರು. ಹಾಕಿದೆ. ಅರ್ಧ ಎಲೆಯ ಹೊರಗೆ ಹೋಯ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಾವನಿಗೆ ಮುಂದೆ ಸೀಟು ಸಿಕ್ಕಿತ್ತು, ನನಗೆ ಹಿಂದೆ. ಇವತ್ತು ಬರೆದೇ ಬಿಡೋದು ಅಂತ ನಾನು ಗೆಳತಿಯರ ಗ್ರೂಪ್ ತೆರೆದೆ. "ಅವತ್ತು ಹಾಕಿದ ಪಟ್ಟಿ ಸುಳ್ಳು ಕಣ್ರೇ. ಗುಂಡಿನ ಆಟವೇ ನನಗೆ ಒಂದನೇದು. ನನ್ನ ಜೊತೆ ಆಡೋದು ನಮ್ಮ ಮಾವ" ಅಂತ ಅಕ್ಷರ ಜೋಡಿಸಿದೆ. ಜೋಡಿಸಿ, ಓದಿ, ಯಾರ್ಯಾರು ಏನೇನು ಅನ್ನಬಹುದು ಅಂತ ಯೋಚಿಸಿ, ಅಳಿಸಿದೆ. ಮತ್ತೆ ಬರೆದೆ. ಕಿಬ್ಬನಹಳ್ಳಿ ಹತ್ತಿರ ಬರೋ ಹೊತ್ತಿಗೆ ಮತ್ತೆ ಅಳಿಸಿದ್ದೆ. ಅಷ್ಟರಲ್ಲಿ ಫೋನು ಗುಂಯ್ ಅಂತು. ಆಟಕ್ಕೆ ಕರೆ. ಮುಂದಿನ ಸೀಟಿನಿಂದ. ಗೂಡಿನಲ್ಲಿ ಬಿದ್ದಿದ್ದ ಫೋನನ್ನು ಮಾವ ಜೇಬಿಗೆ ಹಾಕಿಕೊಂಡು ಬಂದಿದ್ದರು.

ಒತ್ತೋದು ತಡವಾಯ್ತೇನೋ. ಮಾವ ಸೀಟಿನಿಂದ ಹಿಂದಕ್ಕೆ ತಿರುಗಿ, ಬಸ್ಸಿಗೆಲ್ಲ ಕೇಳೋ ಹಾಗೆ, "ಏನಮ್ಮ, ಬರಲ್ವಾ?" ಅಂದರು. ಎಲ್ಲರೂ ನನ್ನ ಕಡೆ ನೋಡಿದರು.

"ಬಂದೆ ಮಾವ" ಅಂದೆ.

ಈಗ ಮತ್ತೆ ದಿನಾ ಆಡ್ತೀವಿ. ನಾನು ಅಟ್ಟ ಹತ್ತಲ್ಲ, ಜಗಲಿಯ ಈ ಕಡೆ ಕಂಬಕ್ಕೆ ಒರಗಿ ಕೂರ್ತೀನಿ. ನಾನು ಬಿದ್ದರೆ ಅವರು ಈಗಲೂ ಮರೆ ನೋಡದೆ ಬಯಲಲ್ಲೇ ಓಡಿ ಬರ್ತಾರೆ. ಗ್ರೂಪಿನಲ್ಲಿ ನನ್ನ ಪಟ್ಟಿ ಹಾಗೇ ಇದೆ, ಒಂದನೇ ನಂಬರಿನಲ್ಲಿ ಪದಬಂಧ.