ಗೋಡೆಗೇರದ ಪೇಟ

ನನ್ನನ್ನು ಯಾರಿಗಾದರೂ ಪರಿಚಯಿಸುವಾಗ, ಕೋಣಂದೂರಿನ ಪೈಲ್ವಾನರನ್ನು ಚಿತ್ ಮಾಡಿದವರು ಎಂದು ಈಗಲೂ ಹೇಳುತ್ತಾರೆ. ಅದು ನಿಜ. ಹೇಗೆ ನಿಜ ಎಂಬುದನ್ನು ನಾನೇ ಬರೆದಿಡುವುದು ಒಳ್ಳೆಯದು.

ಅರವತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತಮೂರು. ಸಾಗರದ ನಮ್ಮ ಗರಡಿಯಲ್ಲಿ ಬೆಳಿಗ್ಗೆ ಐದಕ್ಕೆ ಸಾಮು ಶುರು. ತಡವಾಗಿ ಬಂದವನಿಗೆ ಆ ದಿನ ಅಖಾಡದ ಮಣ್ಣು ಅಗೆಯುವ ಕೆಲಸವಷ್ಟೇ, ಕುಸ್ತಿ ಇಲ್ಲ. ನಾನು ಒಂದು ದಿನವೂ ತಡ ಮಾಡಿದವನಲ್ಲ. ಗೆದ್ದವನು ಬಹುಮಾನವಾಗಿ ತಂದ ಪೇಟವನ್ನು ನಮಗೆ ಕುಸ್ತಿ ಕಲಿಸುವ ಉಸ್ತಾದರು ತಮ್ಮ ಕೈಯಾರೆ ಹನುಮಂತನ ಪಟದ ಪಕ್ಕದ ಮೊಳೆಗೆ ಹಾಕುತ್ತಿದ್ದರು. ಅವರು ಹಾಕಿದರೆ ಮಾತ್ರ ಅದು ಗೆಲುವು. ಆ ಗೋಡೆಯ ಮೇಲೆ ನನ್ನದೊಂದು ಇರಬೇಕೆಂಬುದು ಬಿಟ್ಟರೆ ನನಗೆ ಬೇರೆ ಯೋಚನೆ ಇರಲಿಲ್ಲ.

ಆ ವರ್ಷ ಸಾಗರದ ಕುಸ್ತಿಯಲ್ಲಿ ಕೋಣಂದೂರಿನ ಪೈಲ್ವಾನರು ನನಗೆ ಎದುರಾಳಿಯಾಗಿ ಜೋಡಿಯಾದರು. ಹತ್ತು ವರ್ಷದ ಹಿಂದೆ ಅವರೆದುರು ನಿಲ್ಲುವವರು ಸುತ್ತಲ ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ಈಗ ವಯಸ್ಸು ನಲವತ್ತೈದು ದಾಟಿತ್ತು. ಎಡ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದರು. ಕೈ ಕೊಡುವಾಗಲೇ ಅದನ್ನು ನೋಡಿಟ್ಟುಕೊಂಡೆ. ಸ್ವಲ್ಪ ಹೊತ್ತು ಸುತ್ತಾಡಿಸಿ, ಆ ಕಾಲನ್ನೇ ಹಿಡಿದು ಎಳೆದೆ. ಅವರ ಎರಡೂ ಭುಜ ಮಣ್ಣಿಗೆ ತಾಗಿದವು. ಜನ ನನ್ನನ್ನು ಹೆಗಲ ಮೇಲೆ ಹೊತ್ತರು.

ಮರುದಿನ ಪೇಟವನ್ನು ಉಸ್ತಾದರ ಮುಂದಿಟ್ಟೆ. ಅವರು ಮುಟ್ಟಲಿಲ್ಲ.

“ಯಾವ ಕಾಲು ಹಿಡ್ದೆ?”

“ಎಡದ್ದು, ಉಸ್ತಾದ್ರೆ.”

“ಯಾಕೆ?”

ಬಟ್ಟೆ ಕಟ್ಟಿತ್ತು ಎಂದೆ. ಅದರಲ್ಲಿ ತಪ್ಪಿಲ್ಲ, ಕುಸ್ತಿ ಅಂದರೆ ಅದೇ ಎಂದು ಅವರೂ ಒಪ್ಪಿದರು. ಆಮೇಲೆ, “ಯಾರನ್ನ ಗೆದ್ದೆ ಅಂತ ಒಂದ್ಸಲ ಹೋಗಿ ನೋಡ್ಕಂಡು ಬಾ. ಆಮೇಲೂ ಹಾಕಿ ಅಂದ್ರೆ ಹಾಕ್ತೀನಿ” ಎಂದು ದಂಡ ಹೊಡೆಯುವವರ ಕಡೆ ತಿರುಗಿದರು.

ಭಾನುವಾರ ಬಸ್ಸು ಹತ್ತಿದೆ. ಕೋಣಂದೂರಿನ ಮನೆಯ ಜಗಲಿಯಲ್ಲಿ ಪೈಲ್ವಾನರು ಕಾಲು ಚಾಚಿ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಅದು ಬಲಗಾಲು. ನಾನು ನೋಡುತ್ತಿರುವುದನ್ನು ಕಂಡು ನಕ್ಕರು.

“ನೋವಿರೋದು ಇದ್ರಲ್ಲೇ ಮಾರಾಯ. ನಿನ್ನಂಥೋರು ಬಟ್ಟೆ ನೋಡಿ ಬರ್ತಾರೆ ಅಂತ ಆ ಕಾಲಿಗೆ ಸುತ್ತಿದ್ದೆ. ಗಟ್ಟಿ ಕಾಲು, ತಡೀತದೆ ಅಂದ್ಕಂಡಿದ್ದೆ.” ನಗು ನಿಂತಿತು. “ತಡೀಲಿಲ್ಲ.”

ಅವರು ನನ್ನ ಹಿಡಿತವನ್ನು ಹೊಗಳಿದರು. ಕಾಫಿ ಕುಡಿಸಿ ಕಳಿಸಿದರು. ಬಸ್ಸಿನವರೆಗೆ ಬರಲು ಎದ್ದವರನ್ನು ಬೇಡವೆಂದು ಕೂರಿಸಿ ಬಂದೆ.

ಹಿಂದಿರುಗುವಾಗ ಮೊದಲು ಹಿಗ್ಗಿದೆ. ನೋವಿನ ಕಾಲಲ್ಲ, ಒಳ್ಳೆಯ ಕಾಲನ್ನೇ ಎಳೆದು ಕೆಡವಿದ್ದೆ. ಅವರ ಉಪಾಯವನ್ನೂ ಮೀರಿದ್ದೆ. ಹೊಸನಗರ ಬರುವಷ್ಟರಲ್ಲಿ ಹಿಗ್ಗು ಇಳಿದಿತ್ತು. ಒಳ್ಳೆಯ ಕಾಲೂ ನಿಲ್ಲದ ವರ್ಷದಲ್ಲಿ ನಾನು ಅವರಿಗೆ ಎದುರಾಗಿದ್ದೆ. ಜನ ಚಪ್ಪಾಳೆ ಹೊಡೆದದ್ದು ಹತ್ತು ವರ್ಷದ ಹಿಂದಿನ ಪೈಲ್ವಾನರನ್ನು ನಾನು ಕೆಡವಿದೆನೆಂದು. ಆ ಮನುಷ್ಯನ ಜೊತೆ ನಾನು ಕುಸ್ತಿ ಆಡಿಯೇ ಇರಲಿಲ್ಲ.

ಪೇಟ ಹಾಕಿ ಎಂದು ಉಸ್ತಾದರನ್ನು ಕೇಳಲಿಲ್ಲ. ನನ್ನ ವಯಸ್ಸಿನವನನ್ನೇ ಜೋಡಿ ಮಾಡಿಸಿ ಎಂದು ಕೇಳಿದೆ. ಅವರು ತೀರ್ಥಹಳ್ಳಿಯ ಕುಸ್ತಿಗೆ ನನ್ನನ್ನು ಕರೆದೊಯ್ದರು. ಎದುರಾಳಿಗೆ ಇಪ್ಪತ್ತನಾಲ್ಕು, ಎರಡು ಕಾಲೂ ಕಬ್ಬಿಣ. ಕಾಲು ಗಂಟೆ ನಿಂತು ಸೋತೆ. ಉಸ್ತಾದರು ಅಖಾಡಕ್ಕೆ ಇಳಿದು ಬಂದು ನನ್ನ ಬೆನ್ನಿನ ಮಣ್ಣನ್ನು ತಮ್ಮ ವಸ್ತ್ರದಲ್ಲಿ ಒರೆಸಿದರು.

“ನಿನ್ನ ಜೋಡಿ ಇವ್ನು” ಎಂದರು.